ಒಲೆಬಾಗಿಲು ತೆಗೆದವರು

ಕೈಯಿಂದ ದುಡ್ಡು ಕೊಟ್ಟು ಮೈಗೆ ಮಸಿ ಬಳಿದುಕೊಳ್ಳುವವರ ಸಂಘ ನಮ್ಮದು. ರಜೆಯ ದಿನ ಆಸ್ಟ್ರಿಯಾದ ಟಿರೋಲ್ ಬೆಟ್ಟದಲ್ಲಿ ಹಳೇ ಪುಟಾಣಿ ಉಗಿಬಂಡಿ ಓಡಿಸುತ್ತೇವೆ. ಆ ಬೆಳಿಗ್ಗೆ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ನನ್ನ ಪರೀಕ್ಷೆ. ಚಾಲಕ ವೆಂಡೆಲಿನ್ ಮಾವನೇ ಪರೀಕ್ಷಕ. ಬಂಡಿ ನಿಂತರೆ ನಾನು ಮತ್ತೆ ಟಿಕೆಟ್ ಹರಿಯಲು ಹೋಗಬೇಕು.

ಏರಿನಲ್ಲಿ ಉಗಿಯ ಒತ್ತಡ ಇಳಿಯತೊಡಗಿತು. ಸಲಿಕೆಯನ್ನೂ ಎತ್ತಬೇಕು, ಒಲೆಬಾಗಿಲನ್ನೂ ತೆಗೆಯಬೇಕು. ಇರುವುದು ಎರಡೇ ಕೈ. ಅಷ್ಟರಲ್ಲಿ ಬಾಗಿಲು ತೆರೆಯಿತು. ಕಲ್ಲಿದ್ದಲು ಎಸೆದೆ, ಮುಚ್ಚಿತು. ಪ್ರತಿ ಸಲವೂ ಹಾಗೇ, ತಾಳ ತಪ್ಪದೆ. ಮೈಯೆಲ್ಲ ಬೆವರುತ್ತಿದ್ದರೂ ಎಡಭುಜ ಮಾತ್ರ ತಣ್ಣಗಿತ್ತು.

ತುದಿ ಮುಟ್ಟಿದೆವು. ಕುಣಿಯುವುದೊಂದು ಬಾಕಿ. ಪದ್ಧತಿಯಂತೆ ಸಲಿಕೆ ತೊಳೆದು, ಅದರ ಮೇಲೇ ಮೊಟ್ಟೆ ಹುರಿದು ತಿಂದೆವು.

"ಪರೀಕ್ಷಕರೇ ಬಾಗಿಲು ತೆಗೆದುಕೊಟ್ರೆ ಹೆಂಗೆ ಮಾವ?" ಎಂದೆ.

"ನಾನೆಲ್ಲಿ ತೆಗ್ದೆ? ನೀನೇ ಕಾಲಲ್ಲಿ ತೆಗೀತಿದ್ದೀಯ ಅಂತ ಮೆಚ್ಚಿ ಪಾಸು ಮಾಡ್ಬಿಟ್ಟೆನಲ್ಲೋ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವ ಸಲಿಕೆಗೆ ಇನ್ನೊಂದು ಮೊಟ್ಟೆ ಒಡೆದು, "ತೆಗೆದೋರಿಗೂ ಒಂದಿರ್ಲಿ" ಎಂದ.

ಹುರಿಯಲೆಂದು ಒಲೆಬಾಗಿಲಿಗೆ ಕೈ ಹಾಕಿದೆ. ಒಳಗೆ ಬೆಂಕಿ ಧಗಧಗ ಉರಿಯುತ್ತಿತ್ತು. ಬಾಗಿಲ ಹಿಡಿಯ ಮೇಲೆ ಹಿಮ ಕಟ್ಟಿತ್ತು.