ಪೆಂಬಾ ನಕ್ಷೆಯ ಮಡಿಕೆ ಗೆರೆಗಳು

ಬೀಬಿ ಜುವೈನಾ ಅಂಗಡಿಯವರು ಕಟ್ಟಿಕೊಟ್ಟ ಫ್ರೇಮನ್ನು ಮೂಗಿನ ಹತ್ತಿರ ಹಿಡಿದು ನೋಡಿ ಮೇಜಿನ ಮೇಲೆ ಕುಕ್ಕಿದರು.

“ಲವಂಗದ ವಾಸನೆಯೇ ಇಲ್ಲ! ಇದು ನನ್ನ ನಕ್ಷೆಯಲ್ಲ — ಕಲರ್ ಪ್ರಿಂಟು!”

ಅದು ಗುರುವಾರ. ಶುಕ್ರವಾರ ಬೆಳಿಗ್ಗೆ ಹಸೀಬಾ ನಮ್ಮ ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು. ಅವಳ ಗಂಡ ಫಾರೂಕ್ ಗಲ್ಫಿನ ನಮ್ಮ ಊರಿನ ಘಾಲಾ ಬಡಾವಣೆಯ ಆ ಫ್ರೇಮ್ ಅಂಗಡಿಯಲ್ಲಿ ಕೆಲಸಗಾರ. ಕಳ್ಳ ಅವನೇ ಎಂದು ತೀರ್ಮಾನಿಸಿದ ಮಾಲೀಕ ಇದಿನಬ್ಬ, ವೀಸಾ ರದ್ದು ಮಾಡಿಸಿ ಭಾನುವಾರದ ಟಿಕೆಟು ತೆಗೆದು ಊರಿಗೆ ಅಟ್ಟುವವನಿದ್ದ. ನನ್ನ ಹೆಂಡತಿ ಉಮಾವತಿ ಇತಿಹಾಸದ ಟೀಚರ್. ಊರವರ ತಂಟೆಯೆಲ್ಲ ತನ್ನದೇ ಎನ್ನುವವಳು. ವಾರಕ್ಕೊಂದೇ ರಜೆ, ಅದೂ ನೀರುಪಾಲಾಯಿತು.

ನಾವು ಅಂಗಡಿಗೆ ಹೋದಾಗ ಬೀಬಿಯೂ ಬಂದಿದ್ದರು.

“ಯಾವ ಊರಿನ ನಕ್ಷೆ, ಬೀಬಿ?” ಉಮಾವತಿ ಹಿಂದಿಯಲ್ಲಿ ಕೇಳಿದಳು.

“ಪೆಂಬಾ. ಜಾಂಜಿಬಾರಿನ ಉತ್ತರದ ದ್ವೀಪ. ಗುಡ್ಡ, ಕಣಿವೆ, ಎಲ್ಲೆಲ್ಲೂ ಲವಂಗ. ಸಿಂಹಾಸನದಲ್ಲಿ ನಮ್ಮ ಅರಬ್ ಸುಲ್ತಾನರು, ಆಡಳಿತ ಬ್ರಿಟಿಷರದು. ಅವರ ಸರ್ವೆಯವನೇ ಅಜ್ಜನ ತೋಟ ಅಳೆದು ಬರೆದದ್ದು. ಅರವತ್ನಾಲ್ಕರ ಕ್ರಾಂತಿಯಲ್ಲಿ ತೋಟ ಹೋಯಿತು. ಉಳಿದದ್ದು ಆ ಕಾಗದ ಒಂದೇ.”

“ಅಂಗಡಿಗೆ ತಂದದ್ದು ಯಾರು?”

“ಇದಿನಬ್ಬನೇ ಮನೆಗೆ ಬಂದು ತೆಗೆದುಕೊಂಡು ಹೋದ. ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯಲ್ಲಿ ಲವಂಗದ ಜೊತೆ ಇಟ್ಟಿದ್ದೆ.”

“ತಂದು ಫಾರೂಕನ ಕೈಗೆ ಕೊಟ್ಟೆ, ಟೀಚರೇ,” ಎಂದ ಇದಿನಬ್ಬ. “ಕೂಡಲೇ ನನ್ನ ಎದುರೇ ಹಲಗೆ ನಡುವೆ ಒತ್ತಲು ಇಟ್ಟ. ಆಮೇಲೆ ಎಂತ ಮಾಡಿದನೋ — ಅಲ್ಲಾಹನಿಗೇ ಗೊತ್ತು.”

ಮಡಿಕೆ ಬಿದ್ದ ಕಾಗದ ಬಂದರೆ ಹಿಂಬದಿಗೆ ತುಸು ತೇವ ಕೊಟ್ಟು, ಹಲಗೆಗಳ ನಡುವೆ ಭಾರ ಹೇರಿ ಎರಡು ದಿನ ಒತ್ತುವುದು ಅಲ್ಲಿಯ ಕ್ರಮ.

“ಫಾರೂಕ್, ನೀನು ಬದಲಾಯಿಸಿದೆಯಾ?”

“ಇಲ್ಲ ಟೀಚರ್, ಆಣೆಗೂ ಇಲ್ಲ! ಒತ್ತಿದ್ದು ಮಾತ್ರ. ನಾಲ್ಕು ದಿನ ಒತ್ತಿದೆ. ಆ ಮಡಿಕೆ ಗೆರೆ ಹೋಗ್ಲೇ ಇಲ್ಲ.”

“ಕೆಲಸ ಗೊತ್ತಿಲ್ಲದವನಿಗೆ ಹೇಗೆ ಹೋಗ್ತದೆ?” ಇದಿನಬ್ಬ ರೇಗಿದ. “ಎರಡನೇ ದಿನವೇ ನೋಡಿ ಬೈದಿದ್ದೇನೆ.”

ಒಂದು ಗಂಟೆ ಅದೇ ರಾಗ, ಅದೇ ಹಾಡು. ನನಗೆ ರೋಸಿಹೋಯಿತು.

“ಏಳು ಮಾರಾಯ್ತಿ, ಹೋಗುವ,” ಎಂದೆ.

“ನೀವು ಸ್ವಲ್ಪ ಸುಮ್ಮನಿರಿ.”

ಅವಳು ಪ್ರಿಂಟನ್ನು ಫ್ರೇಮಿನಿಂದ ಬಿಡಿಸಿ ಮಗುಚಿದಳು. ಹಿಂಬದಿಯಲ್ಲಿ ಒಂದು ಗೀಟೂ ಇರಲಿಲ್ಲ.

“ಮುಂದೆ ಗೆರೆ ಉಂಟು, ಹಿಂದೆ ಯಾಕಿಲ್ಲ? ಇದು ಮಡಿಕೆಯಲ್ಲ — ಮಡಿಕೆಯ ಚಿತ್ರ! ಎಷ್ಟು ಒತ್ತಿದರೂ ಚಿತ್ರ ಹೋಗ್ತದಾ? ಗೆರೆ ಹೋಗದ್ದನ್ನು ನೀವೂ ನೋಡಿ ಬೈದಿದ್ದೀರಿ. ಅಂದರೆ ಫಾರೂಕ್ ಒತ್ತಲು ಇಟ್ಟದ್ದೇ ಪ್ರಿಂಟನ್ನು. ಕೊಟ್ಟ ಕೂಡಲೇ ನಿಮ್ಮೆದುರು ಇಟ್ಟ ಅಂತ ಹೇಳಿದ್ದು ನೀವೇ. ಹಾಗಾದರೆ ಅದಕ್ಕೂ ಮೊದಲು ನಕ್ಷೆ ಇದ್ದದ್ದು ಯಾರ ಕೈಯಲ್ಲಿ, ಇದಿನಬ್ಬರೇ?”

ಗೆರೆ ಹೋಗಲೇ ಇಲ್ಲ ಎಂಬ ಫಾರೂಕನ ಮಾತನ್ನು ನಾನೂ ಕೇಳಿದ್ದೆ. ಕೆಲಸಗಾರನ ನೆಪ ಎಂದುಕೊಂಡಿದ್ದೆ. ನಾಚಿಕೆಯಾಯಿತು.

ಇದಿನಬ್ಬ ಬೆವರು ಒರೆಸಿಕೊಂಡ. “ಹಳೆ ನಕ್ಷೆ ಕೊಳ್ಳುವವ ಒಬ್ಬ ಸಿಕ್ಕಿದ್ದ... ಮೊನ್ನೆಯೇ ಲಂಡನ್ನಿಗೆ ಹೋಯ್ತು.”

“ನನ್ನ ಟಿಕೆಟು?” ಫಾರೂಕ್ ಕೇಳಿದ.

ಇದಿನಬ್ಬ ಜೇಬಿನಿಂದ ಅದನ್ನು ತೆಗೆದು ಹರಿದುಹಾಕಿದ.

ಬೀಬಿ ಮಾತ್ರ ಕುಳಿತಲ್ಲಿಂದ ಏಳಲಿಲ್ಲ.

“ತೋಟ ಹೋದಾಗ ನನಗೆ ಏಳು ವರ್ಷ,” ಎಂದರು ಇದಿನಬ್ಬನನ್ನೇ ನೋಡುತ್ತಾ. “ಕಿತ್ತುಕೊಂಡವರ ಮುಖವನ್ನೂ ನೋಡಿರಲಿಲ್ಲ. ಮನೆಗೆ ಬಂದ ನಿನಗೆ ನನ್ನ ಕೈಯಾರೆ ಖರ್ಜೂರ ಕೊಟ್ಟಿದ್ದೆನಲ್ಲೋ.”