ಮಣ್ಣಿಗೆ ಸೇರದ ದ್ರಾಕ್ಷಾರಸ

ಎನಿಡ್ ಟ್ರೆವಾರೋ ಕಿಟಕಿ ಪಕ್ಕದ ಕುರ್ಚಿಯಲ್ಲೇ ಸತ್ತಿದ್ದಳು. ತೊಡೆಯ ಮೇಲೆ ಪ್ರಾರ್ಥನೆ ಪುಸ್ತಕ, ಪಕ್ಕದಲ್ಲಿ ಅರ್ಧ ಕುಡಿದ ಚಹಾ, ನೆಲದ ಮೇಲೆ ವಾಂತಿ. ಗುರುವಾರ ಮಧ್ಯಾಹ್ನ ಎರಡೂವರೆಗೆ ಕೆಲಸ ಮುಗಿಸಿ ಬಂದ ಅವಳ ತಮ್ಮನ ಮಗಳು ಮಾರ್ನಿ ಮೊದಲು ನೋಡಿದಳು.

ಎಂಬತ್ತೊಂದು ವರ್ಷ, ದುರ್ಬಲ ಹೃದಯ, ಹೊರಗೆ ಮೂರಡಿ ಹಿಮ. ಯಾರೂ ಅನುಮಾನಪಡಬೇಕಾಗಿರಲಿಲ್ಲ. ಆದರೆ ಆ ವಾಂತಿ ವೈದ್ಯನಿಗೆ ಸರಿಕಾಣಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದ. ಮಂಗಳವಾರ ವರದಿ ಬಂತು. ಎನಿಡ್ ದಿನಾ ನುಂಗುತ್ತಿದ್ದ ಹೃದಯದ ಮಾತ್ರೆಯೇ ಅವಳನ್ನು ಕೊಂದಿತ್ತು. ರಕ್ತದಲ್ಲಿ ಅದು ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಇತ್ತು.

ಮಾತ್ರೆ ಡಬ್ಬಿ ತುಂಬುತ್ತಿದ್ದವಳು ಮಾರ್ನಿ. ಚಹಾ ಮಾಡಿದವಳು ಮಾರ್ನಿ. ಮನೆ ಸೇರಬೇಕಾದ್ದೂ ಮಾರ್ನಿಗೆ. ಸರ್ಕಾರಿ ವಕೀಲನಿಗೆ ಇಷ್ಟು ಸಾಕಾಗಿತ್ತು. ಬುಧವಾರ ಅವಳನ್ನು ಜೈಲಿಗೆ ಹಾಕಿದರು. ಮುಂದಿನ ಸೋಮವಾರ ಕೊಲೆ ಆರೋಪ ಹೊರಿಸುವುದೆಂದು ಗೊತ್ತಾಯಿತು.

ಕೈಕೋಳ ತೊಡಿಸಿದವಳು ಷೆರೀಫ್ ಕಚೇರಿಯ ತನಿಖಾಧಿಕಾರಿ ಬ್ರೆಂಡಾ ಕೋಸ್ಕಿ. ತೊಡಿಸಿದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಚಹಾದಲ್ಲಿ ವಿಷ ಇರಲಿಲ್ಲ. ಅಡುಗೆಮನೆಯ ಸಿಂಕಿನ ಕೊಳವೆ ಬಿಚ್ಚಿ ನೋಡಿದ್ದರು. ಅಲ್ಲೂ ಇರಲಿಲ್ಲ. ಡಬ್ಬಿಯಲ್ಲಿ ಒಂದು ಮಾತ್ರೆಯೂ ಕಡಿಮೆ ಇರಲಿಲ್ಲ. ಹಾಗಾದರೆ ವಿಷ ಬಂದದ್ದು ಯಾವುದರಲ್ಲಿ, ಆ ಪಾತ್ರೆ ಹೋದದ್ದು ಎಲ್ಲಿಗೆ?

* * *

ಜೈಲಿನಲ್ಲಿ ಮಾರ್ನಿ ಗೋಡೆ ನೋಡುತ್ತಲೇ ಮಾತಾಡಿದಳು. ಅತ್ತೆಯ ಜೊತೆ ಜಗಳ ಆಗುತ್ತಿತ್ತು, ನಿಜ. ಅತ್ತೆ ಸಿಡುಕಿ, ಅದೂ ನಿಜ. ಮನೆ ತನಗೆ ಬೇಕಾಗಿತ್ತು, ಅದನ್ನೂ ಮುಚ್ಚಿಡಲಿಲ್ಲ.

"ಆವತ್ತು ಬೆಳಿಗ್ಗೆ ಏನು ತಿಂದ್ರು?" ಬ್ರೆಂಡಾ ಕೇಳಿದಳು.

"ಏನೂ ಇಲ್ಲ. ಹತ್ತಕ್ಕೆ ಪಾದ್ರಿಗೆ ಸಹಾಯ ಮಾಡೋ ಡೀಕನ್ ಕ್ಲೈಡ್ ಬಂದು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ರು. ಅದಕ್ಕೆ ಮುಂಚೆ ಅತ್ತೆ ನೀರೂ ಮುಟ್ಟಲ್ಲ. ಅವರು ಹೋದ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸ್ತಿದೆ ಅಂದ್ರು. ಅದಕ್ಕೇ ಚಹಾ ಕೊಟ್ಟು ಕೆಲಸಕ್ಕೆ ಹೋದೆ."

"ಹೊಟ್ಟೆ ತೊಳಸಿದ್ದು ಚಹಾಕ್ಕೆ ಮುಂಚೆನಾ?"

"ಮುಂಚೆ. ನಿಮ್ಮವರಿಗೆ ಮೂರು ಸಲ ಹೇಳಿದೀನಿ. ಬರ್ಕೊಳ್ಳೋಕೆ ಪೆನ್ನಿರಲಿಲ್ವೇನೋ."

* * *

ಸಂತ ಪಿರಾನ್ ಎಪಿಸ್ಕೋಪಲ್ ಚರ್ಚು ಊರಿನ ಗಣಿ ಮುಚ್ಚಿದಾಗಿನಿಂದ ಬಡಕಲಾಗುತ್ತಲೇ ಬಂದಿತ್ತು. ಭಾನುವಾರ ಇಪ್ಪತ್ತು ಜನ ಸೇರಿದರೆ ಹೆಚ್ಚು. ಪಾದ್ರಿ ಥಿಯಾ ಎರಡು ವರ್ಷದ ಹಿಂದೆ ಬಂದವಳು. ನಾಲ್ಕು ಊರಿನ ಚರ್ಚುಗಳಿಗೆ ಅವಳೊಬ್ಬಳೇ ಪಾದ್ರಿ. ಅವಳು ಬೂಟಿನ ಹಿಮ ಒದರುತ್ತಾ ಬ್ರೆಂಡಾಗೆ ಒಳಗಿನ ಸಂಗತಿ ಹೇಳಿದಳು. ಈ ಚರ್ಚನ್ನು ಮುಚ್ಚಿ ಪಕ್ಕದ ಊರಿನದರ ಜೊತೆ ಸೇರಿಸಬೇಕೋ ಬೇಡವೋ ಎಂದು ಸಮಿತಿ ಮತ ಹಾಕಬೇಕಿತ್ತು. ಏಳು ಜನರಲ್ಲಿ ಮೂವರು ಮುಚ್ಚೋಣ ಅಂದರು, ಮೂವರು ಬೇಡ ಅಂದರು. ಏಳನೆಯವಳು ಎನಿಡ್. ಮುಚ್ಚುವುದೇ ಸರಿ ಎಂದು ಅವಳು ಫೋನಿನಲ್ಲಿ ಎಲ್ಲರಿಗೂ ತಿಳಿಸಿಬಿಟ್ಟಿದ್ದಳು. ಮತ ಸಮವಾದರೆ ಚರ್ಚು ಮುಚ್ಚುವಂತಿರಲಿಲ್ಲ.

ದ್ರಾಕ್ಷಾರಸದ ಮಾತು ಬಂದಾಗ ಥಿಯಾ ಅಡ್ಡಡ್ಡ ತಲೆಯಾಡಿಸಿದಳು.

"ಅದರಲ್ಲಿರೋಕೆ ಸಾಧ್ಯ ಇಲ್ಲ. ಭಾನುವಾರ ಮಂತ್ರಿಸಿಟ್ಟ ದ್ರಾಕ್ಷಾರಸ ಅದು. ಕ್ಲೈಡ್ ಚಿಕ್ಕ ಸೀಸೆಯಲ್ಲಿ ತಗೊಂಡು ಹೋಗ್ತಾನೆ. ಉಳಿದದ್ದನ್ನ ಕೊಟ್ಟವನೇ ಅಲ್ಲೇ ಕುಡೀಬೇಕು, ನಿಯಮ. ಅವನಿಗೇನಾದ್ರೂ ಆಗಿದ್ಯಾ? ನೋಡು, ಹೊರಗೆ ಹಿಮ ಎತ್ತುತಾ ಇದಾನೆ."

ಕಿಟಕಿಯಾಚೆ ಎಪ್ಪತ್ತರ ಕ್ಲೈಡ್ ಪೆನ್‌ಹೇಲ್ ಎತ್ತಿನ ಹಾಗೆ ಹಿಮ ಎತ್ತುತ್ತಿದ್ದ. ಬ್ರೆಂಡಾ ಟಿಪ್ಪಣಿ ಪುಸ್ತಕ ಮುಚ್ಚಿದಳು.

* * *

ಭಾನುವಾರ ಬ್ರೆಂಡಾ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಹೆಸರಿಗೆ ಅವಳು ಲೂಥರನ್ ಪಂಗಡದವಳು. ಹತ್ತು ವರ್ಷದಿಂದ ಶವಸಂಸ್ಕಾರಕ್ಕೆ ಬಿಟ್ಟರೆ ಯಾವ ಚರ್ಚಿಗೂ ಕಾಲಿಟ್ಟವಳಲ್ಲ.

ಕ್ಲೈಡ್ ಪ್ರಕಟಣೆ ಓದಿದ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮುಗಿಯುವವರೆಗೆ ಪ್ರತಿ ಶುಕ್ರವಾರ ಪ್ಯಾಸ್ಟಿ ಕಡುಬಿನ ಮಾರಾಟ, ಒಳಗೆ ತುಂಬುವ ಟರ್ನಿಪ್ ಗೆಡ್ಡೆ ಹೆಚ್ಚಲು ಜನ ಬೇಕು. ಏಪ್ರಿಲ್ ಕೊನೆಗೆ ಬಿಷಪ್ ಭೇಟಿ. ಮುಂದೂಡಿದ ಮತದಾನ ಬರುವ ಭಾನುವಾರ. ಆಮೇಲೆ ಅವನೇ ಬಟ್ಟಲು ಹಿಡಿದು ಸಾಲಾಗಿ ಎಲ್ಲರಿಗೂ ಕುಡಿಸಿದ. ಕೊನೆಯಲ್ಲಿ ಉಳಿದದ್ದನ್ನು ಕುಡಿದವಳು ಮಾತ್ರ ಥಿಯಾ. ಕ್ಲೈಡ್‌ನ ತುಟಿ ಬಟ್ಟಲಿಗೆ ಒಮ್ಮೆಯೂ ತಗಲಲಿಲ್ಲ.

ಆರಾಧನೆ ಮುಗಿದ ಮೇಲೆ ಕಾಫಿ ಬಗ್ಗಿಸುತ್ತಿದ್ದ ಮುದುಕಿಯನ್ನು ಬ್ರೆಂಡಾ ಆ ಬಗ್ಗೆ ಕೇಳಿದಳು.

"ಕ್ಲೈಡ್ ಕುಡಿಯೋದಾ?" ಮುದುಕಿ ಗೊರಗೊರ ನಕ್ಕಳು. "ಅವನು ತನ್ನ ಪಾಲಿನದ್ದನ್ನ ಐವತ್ತೆಂಟನೇ ವಯಸ್ಸಿಗೇ ಕುಡಿದು ಮುಗಿಸಿದಾನೆ ಕಣೆ. ಅದರಲ್ಲಿ ಒಂದು ಟ್ರಕ್ಕೂ ಒಬ್ಬ ಹೆಂಡತೀನೂ ಹೋದ್ರು."

ಕ್ಲೈಡ್‌ನನ್ನು ಬ್ರೆಂಡಾ ಮೆಟ್ಟಿಲ ಮೇಲೆ ಹಿಡಿದಳು. ಹನ್ನೆರಡು ವರ್ಷದಿಂದ ತಾನು ಒಂದು ತೊಟ್ಟೂ ಮುಟ್ಟಿಲ್ಲ ಎಂದು ಅವನು ಒಪ್ಪಿಕೊಂಡ. ಹೊಸ ಪಾದ್ರಿಗೆ ಹೇಳಿರಲಿಲ್ಲ. ಹೇಳಿದರೆ ಮನೆಮನೆಗೆ ಹೋಗುವ ಕೆಲಸ ಬೇರೆಯವರಿಗೆ ಹೋಗುತ್ತದೆಂಬ ಅಂಜಿಕೆ. ಉಳಿದದ್ದನ್ನು ಸೀಸೆಯ ಸಮೇತ ವಾಪಸು ತಂದು ಲೋಯಿಸ್‌ಗೆ ಕೊಡುತ್ತಿದ್ದ. ಬಲಿಪೀಠದ ಬಟ್ಟೆ, ಪಾತ್ರೆ, ದ್ರಾಕ್ಷಾರಸ ಎಲ್ಲ ಲೋಯಿಸ್ ಯುರೆನ್‌ಳ ಕೈಯಲ್ಲೇ. ಸೀಸೆ ತುಂಬಿಸಿಡುವವಳೂ ಅವಳೇ.

"ಅವಳೇ ಕುಡಿದುಬಿಡ್ತಾಳೆ. ಆವತ್ತೂ ಕುಡಿದೆ ಅಂದ್ಲು. ಚೆನ್ನಾಗೇ ಇದಾಳಲ್ಲ? ಅದಕ್ಕೇ ನಾನು ಬಾಯಿಬಿಡಲಿಲ್ಲ ಬ್ರೆಂಡಾ."

* * *

ಬಲಿಪೀಠದ ಹಿಂದಿನ ಕೋಣೆಯಲ್ಲಿ ಲೋಯಿಸ್ ಬಿಳಿ ವಸ್ತ್ರ ಮಡಿಸುತ್ತಿದ್ದಳು. ಅರವತ್ತೆಂಟರ ವಿಧವೆ, ಉಗುರುಗಳು ತೊಳೆದು ತೊಳೆದು ಬೆಳ್ಳಗಾಗಿದ್ದವು. ಹೌದು, ಕುಡಿದೆ, ಅಂದಳು. ಹನ್ನೆರಡು ವರ್ಷದಿಂದ ಕುಡಿಯುತ್ತಿದ್ದೇನೆ, ನಿಯಮ ಯಾರಾದರೂ ಪಾಲಿಸಬೇಕಲ್ಲ.

ಕೋಣೆಯಲ್ಲಿ ಎರಡು ತೊಟ್ಟಿಗಳಿದ್ದವು. ಒಂದು ಮಾಮೂಲಿ ಸಿಂಕ್. ಇನ್ನೊಂದು ಹೊರಗೋಡೆಗೆ ಅಂಟಿದ ಚಿಕ್ಕ ಕಲ್ಲುತೊಟ್ಟಿ, ಮರದ ಮುಚ್ಚಳ, ಸುತ್ತ ಅಂಟುಪಟ್ಟಿ.

"ಇದೇನು?"

"ಪವಿತ್ರ ಪಾತ್ರೆ ತೊಳೆದ ನೀರಿಗೆ. ಇದರ ಕೊಳವೆ ಚರಂಡಿಗೆ ಹೋಗಲ್ಲ, ನೇರ ಮಣ್ಣಿಗೆ ಹೋಗುತ್ತೆ. ಕ್ರಿಸ್ತನ ರಕ್ತ ಕಕ್ಕಸಿನ ನೀರಿನ ಜೊತೆ ಸೇರಬಾರದು. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ, ಅದಕ್ಕೇ ನವೆಂಬರ್‌ನಲ್ಲಿ ಮುಚ್ಚಿಬಿಡ್ತೀವಿ. ಏಪ್ರಿಲ್‌ವರೆಗೆ ತೆಗೆಯೋ ಹಾಗಿಲ್ಲ."

ಪಕ್ಕದ ಕಿಟಕಿಯ ಸಂದಿಗೂ ನವೆಂಬರ್‌ನಲ್ಲೇ ಪಟ್ಟಿ ಅಂಟಿಸಿದ್ದರು. ಅದು ಹಳದಿಯಾಗಿ ಅಂಚು ಎದ್ದಿತ್ತು. ತೊಟ್ಟಿಯ ಪಟ್ಟಿ ಹೊಸದಾಗಿ ಹೊಳೆಯುತ್ತಿತ್ತು.

ಬ್ರೆಂಡಾ ಹೊರಗೆ ಬಂದು ಮೊದಲು ಪಾದ್ರಿಯ ಒಪ್ಪಿಗೆ ಪಡೆದಳು, ಆಮೇಲೆ ಒಬ್ಬ ಕೊಳಾಯಿ ಕೆಲಸದವನನ್ನೂ ಇಬ್ಬರು ಪೊಲೀಸರನ್ನೂ ಕರೆಸಿದಳು.

* * *

ಮಧ್ಯಾಹ್ನ ಎರಡಕ್ಕೆ ಕೊಳವೆ ಕತ್ತರಿಸಿದರು. ಒಳಗಿಂದ ಹೆಬ್ಬೆರಳ ಗಾತ್ರದ ಮಂಜುಗಡ್ಡೆ ಜಾರಿ ಬಂತು. ಬಣ್ಣ ಕೆಂಪು.

ಬ್ರೆಂಡಾ ಅದನ್ನು ಗಾಜಿನ ಪಾತ್ರೆಯಲ್ಲಿ ಇಟ್ಟು ಲೋಯಿಸ್ ಎದುರಿಗಿಟ್ಟಳು. ಥಿಯಾ ಬಾಗಿಲಲ್ಲಿ ನಿಂತಿದ್ದಳು. ಕ್ಲೈಡ್ ಅವಳ ಹಿಂದಿದ್ದ.

"ವಿಷ ಚಹಾದಲ್ಲಿರಲಿಲ್ಲ," ಬ್ರೆಂಡಾ ಹೇಳಿದಳು. "ಎನಿಡ್‌ಗೆ ಹೊಟ್ಟೆ ತೊಳಸಿದ್ದು ಅದಕ್ಕೆ ಮುಂಚೆ. ಹೊಟ್ಟೆಗೆ ಬೇರೆ ಹೋದದ್ದು ರೊಟ್ಟಿ, ದ್ರಾಕ್ಷಾರಸ ಅಷ್ಟೇ. ರೊಟ್ಟಿಯನ್ನ ಕ್ಲೈಡೂ ತಿಂದ. ಆವತ್ತು ಕ್ಲೈಡ್ ಹೋದದ್ದು ಅವಳ ಮನೆಗೊಂದೇ, ದ್ರಾಕ್ಷಾರಸ ಕುಡಿದವಳು ಅವಳೊಬ್ಬಳೇ. ಕ್ಲೈಡ್ ಬಾಯಿಗಿಡಲ್ಲ ಅಂತ ನಿಮಗೆ ಗೊತ್ತಿತ್ತು. ಅವನು ಸಾಯಲ್ಲ, ಆದ್ದರಿಂದ ಯಾರೂ ಸೀಸೆಯ ಕಡೆ ನೋಡಲ್ಲ. ನಿಮ್ಮ ಗಂಡ ತಗೋತಿದ್ದದ್ದೂ ಅದೇ ಮಾತ್ರೆ. ಔಷಧಿ ಅಂಗಡೀಲಿ ಕೇಳಿದೆ."

ಲೋಯಿಸ್ ವಸ್ತ್ರದ ಮಡಿಕೆ ನೀವುತ್ತಿದ್ದಳು.

"ಉಳಿದದ್ದನ್ನ ಕುಡಿಯೋ ಹಾಗಿರಲಿಲ್ಲ, ವಿಷ. ಹೊರಗೆ ಸುರಿದ್ರೆ ಮೂರಡಿ ಹಿಮದ ಮೇಲೆ ಕೆಂಪು ಕಲೆ. ಆ ಸಿಂಕಿಗೆ ಸುರಿದು ನಲ್ಲಿ ಬಿಟ್ಟಿದ್ರೆ ನನ್ನ ಹತ್ರ ಏನೂ ಇರ್ತಿರಲಿಲ್ಲ. ಆದ್ರೆ ನೀವು ಪಟ್ಟಿ ಕಿತ್ತು ಈ ತೊಟ್ಟಿಗೆ ಸುರಿದ್ರಿ. ಕೊಳವೆ ಕಟ್ಟಿರುತ್ತೆ ಅಂತ ಗೊತ್ತಿದ್ದೂ ಸುರಿದ್ರಿ. ಚಳಿಗಾಲದಲ್ಲಿ ಇಲ್ಲಿಗೆ ದ್ರಾಕ್ಷಾರಸ ಬರೋಕೆ ಬೇರೆ ಕಾರಣ ಇದ್ರೆ ಹೇಳಿ."

"ಸಿಂಕಿನ ಮುಂದೆ ಮೂರು ಸಲ ನಿಂತೆ," ಲೋಯಿಸ್ ಹೇಳಿದಳು. "ಕೈ ಬಗ್ಗಲಿಲ್ಲ."

"ವಿಷ ಬೆರೆಸುವಾಗ ಬಗ್ಗಿತ್ತು."

"ಬೆರೆಸಿದ್ದು ಎನಿಡ್‌ಗೆ. ಉಳಿದದ್ದು ಕ್ರಿಸ್ತನ ರಕ್ತ."

ಕಾರಣವನ್ನೂ ಅವಳೇ ಹೇಳಿದಳು. ಚರ್ಚಿನ ತೋಟದಲ್ಲಿ ತನ್ನ ಸತ್ತ ಮಗನ ಬೂದಿಯನ್ನು ಮಣ್ಣಿಗೆ ಬೆರೆಸಿದ್ದರು. ಪೆಟ್ಟಿಗೆಯಲ್ಲಿಟ್ಟಿದ್ದರೆ ಎತ್ತಿಕೊಂಡು ಹೋಗಬಹುದಿತ್ತು. ಚರ್ಚು ಮಾರಿದರೆ ಅಲ್ಲಿ ಪೆಟ್ರೋಲ್ ಬಂಕ್ ಬರುತ್ತದೆಂದು ಊರಲ್ಲಿ ಸುದ್ದಿ. ಎನಿಡ್‌ಗೆ ಇದನ್ನೆಲ್ಲ ಹೇಳಿ ಬೇಡಿಕೊಂಡಿದ್ದಳು. ಸತ್ತವರಿಗೋಸ್ಕರ ಚರ್ಚು ಬೆಚ್ಚಗಿಡೋ ಬಾಯ್ಲರ್ ಉರಿಸೋಕಾಗಲ್ಲ ಲೋಯಿಸ್, ಅಂದಿದ್ದಳಂತೆ ಎನಿಡ್.

"ಮಾರ್ನಿ ಜೈಲಲ್ಲಿದಾಳೆ ಅಂತ ಗೊತ್ತಿತ್ತಲ್ಲ?" ಕ್ಲೈಡ್ ಕೇಳಿದ.

"ಗೊತ್ತಿತ್ತು," ಅಂದಳು ಲೋಯಿಸ್.

* * *

ಸೋಮವಾರ ಬೆಳಿಗ್ಗೆ ಮಾರ್ನಿಯನ್ನು ಬಿಟ್ಟರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಬ್ರೆಂಡಾಳೇ ಗಾಡಿ ತಂದಳು. ಕ್ಷಮೆ ಕೇಳಿದಳು. ಮನೆಯ ತಿರುವಿನಲ್ಲಿ ಮಾರ್ನಿ ಕೇಳಿದಳು.

"ನಿನ್ನೆ ಚರ್ಚಲ್ಲಿ ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರಂತೆ?"

"ಮಾಡಿದ್ರು."

"ಏನಂತ?"

"ನೀನು ಮಾಡಿದ್ದನ್ನ ಒಪ್ಪಿಕೊಳ್ಳೋ ಮನಸ್ಸು ಬರಲಿ ಅಂತ."

ಮಾರ್ನಿ ಸೀಟಿನ ಪಟ್ಟಿ ಬಿಚ್ಚಿದಳು. "ಲೋಯಿಸ್ ಆಮೆನ್ ಅಂದ್ರಾ?"

ಬ್ರೆಂಡಾ ಹಿಂದಿನ ಬೆಂಚಿನಲ್ಲಿದ್ದಳು. ಎಲ್ಲರ ಧ್ವನಿಯೂ ಕೇಳಿಸಿತ್ತು. ಸುಳ್ಳು ಹೇಳಬಹುದಿತ್ತು.

"ಅಂದ್ರು," ಅಂದಳು. "ಎಲ್ಲರಿಗಿಂತ ಮೊದಲು."

ಮಾರ್ನಿ ಬಾಗಿಲು ತೆಗೆದು ಇಳಿದಳು. ಹನ್ನೊಂದು ದಿನದಿಂದ ಯಾರೂ ಎತ್ತದ ಹಿಮದಲ್ಲಿ ಮೊಣಕಾಲುದ್ದ ಹೂತುಕೊಳ್ಳುತ್ತಾ ಮನೆಯ ಕಡೆ ನಡೆದಳು.