ಕಾಲರ್ ತಿಂದ ಹುಡುಗಿ

"ಬಟನ್, ಬಾ ಇಲ್ಲಿ! ಈ ಕಾಲರ್ ಮೊನ್ನೆ ತಾನೆ ತಿರುವಿ ಹೊಲಿದೆ. ಈಗ ಈ ಕಡೇನೂ ತಿಂದುಬಿಟ್ಯಾ?"

ಅಜ್ಜ ಯೂನಿಫಾರ್ಮ್ ಶರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಬಟನ್ ಅಂದರೆ ಅವನ ಮೊಮ್ಮಗಳು. ಟೈಲರ್ ಅಂಗಡಿಯಲ್ಲೇ ಬೆಳೆದ ಹುಡುಗಿಗೆ ಇನ್ನೆಂಥ ಅಡ್ಡಹೆಸರು ಇಡುತ್ತಾರೆ ಹೇಳಿ!

ಆಗೆಲ್ಲ ಕಾಲರ್ ಸವೆಯಿತು ಅಂತ ಯಾರೂ ಶರ್ಟು ಬಿಸಾಡುತ್ತಿರಲಿಲ್ಲ. ಹೊಲಿಗೆ ಬಿಚ್ಚಿ, ಕಾಲರನ್ನು ಮಗುಚಿ, ಮತ್ತೆ ಹೊಲಿದರೆ ಆಯಿತು, ಶರ್ಟು ಹೊಸದು. ಎಂಥ ಚೆಂದದ ಕಾಲ ಅದು! ಆದರೆ ಮಗುಚುವುದು ಒಂದೇ ಸಲ. ಎರಡೂ ಕಡೆ ಅಗಿದು ಇಟ್ಟರೆ ಅಜ್ಜ ತಾನೆ ಏನು ಮಾಡಿಯಾನು?

"ಊಟ ಸಾಲ್ತಾ ಇಲ್ವೇನೇ ನಿಂಗೆ?"

ಬಟನ್ ನಗಲಿಲ್ಲ. "ನಾಳೆ ಕ್ಲಾಸಲ್ಲಿ ಪದ್ಯ ಹೇಳ್ಬೇಕು ಅಜ್ಜ."

"ಬಾಯಿಪಾಠ ಆಗಿಲ್ವಾ?"

"ಆಗಿದೆ. ನಿದ್ದೇಲೂ ಹೇಳ್ತೀನಿ. ಆದ್ರೆ ಎಲ್ಲರ ಮುಂದೆ ನಿಂತ್ರೆ ಭಯ ಆಗುತ್ತೆ. ಹೋದ ಸಲ ಬಾಯೇ ಬಿಡೋಕಾಗ್ಲಿಲ್ಲ. ಎಲ್ರೂ ನಕ್ರು. ನಾಳೆ ನಾನು ಸ್ಕೂಲಿಗೆ ಹೋಗಲ್ಲ. ಅಮ್ಮಂಗೆ ಹೊಟ್ಟೆನೋವು ಅಂತೀನಿ. ನೀನು ಹೇಳ್ಬೇಡ, ಅಷ್ಟೇ."

ಅಜ್ಜ ಶರ್ಟನ್ನು ಪಕ್ಕಕ್ಕಿಟ್ಟ. "ಮೊದ್ಲು ಈ ಬಟ್ಟೆ ಸ್ವಲ್ಪ ಹಿಡ್ಕೋ" ಅಂದ.

ಮೇಜಿನ ಮೇಲೆ ಪಕ್ಕದ ಬೀದಿಯ ನರ್ಸಮ್ಮ ಹೊಲಿಯಲು ಕೊಟ್ಟಿದ್ದ ಬಟ್ಟೆ ಹರಡಿತ್ತು. ತೀರಿಕೊಂಡ ಅವಳ ಗಂಡ ಕೋಟಿಗೆಂದು ತಂದಿಟ್ಟಿದ್ದ ಬೂದು ಬಟ್ಟೆ. ಈಗ ಅದನ್ನು ಅವಳ ಮಗನಿಗೆ ಹೊಲಿಯಬೇಕು. ಅಂಥದ್ದು ಇನ್ನೊಂದು ತುಂಡು ಎಲ್ಲೂ ಸಿಗುವುದಿಲ್ಲ.

ಅಜ್ಜ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಅಳೆದ. ಮತ್ತೆ ಅಳೆದ. ಕತ್ತರಿ ಎತ್ತಿದವನು ಕೆಳಗಿಟ್ಟು ನೀರು ಕುಡಿದು ಬಂದ. ಕನ್ನಡಕ ಒರೆಸಿದ. ಆಮೇಲೆ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನ ತುದಿಯನ್ನು ಬಾಯಿಗಿಟ್ಟು ಅಗಿಯತೊಡಗಿದ.

ಬಟನ್ ಕಣ್ಣು ಕಣ್ಣು ಬಿಟ್ಟಳು. ಆ ಟೇಪಿಗೆ ಮೊದಲ ಇಂಚೇ ಇರಲಿಲ್ಲ. ಅದು ಗೊತ್ತಿಲ್ಲದೆ ಅಮ್ಮ ಒಮ್ಮೆ ಅದರಲ್ಲೇ ಅಳೆದು ಪರದೆ ಕತ್ತರಿಸಿ, ಮನೆಯ ಪರದೆಗಳೆಲ್ಲ ಗಿಡ್ಡವಾಗಿದ್ದವು. ಬೈಗುಳ ಮಾತ್ರ ಇಲಿಗಳಿಗೆ ಬಿದ್ದಿತ್ತು.

"ಅಜ್ಜಾ! ಟೇಪು ತಿಂದಿದ್ದು ನೀನಾ?"

ಅಜ್ಜ ತಟ್ಟನೆ ಟೇಪು ಬಿಟ್ಟ. ಮುಖ ಕೆಂಪಾಯಿತು. "ಶ್! ನಿಮ್ಮಮ್ಮಂಗೆ ಹೇಳ್ಬೇಡ್ವೇ ಮಹರಾಯ್ತಿ."

"ನಿಂಗೂ ಭಯ ಆಗುತ್ತಾ? ನಿಂಗೆ ಎಲ್ಲ ಬರುತ್ತಲ್ಲ!"

"ಬರುತ್ತೆ. ಆದ್ರೂ ಭಯ ಆಗುತ್ತೆ. ಚಿಕ್ಕೋನಿದ್ದಾಗ ನಮ್ಮಪ್ಪನ ಪಕ್ಕ ನಿಂತು ಮೊದಲ ಸಲ ಕತ್ತರಿ ಹಿಡಿದಾಗಲೂ ಹಿಂಗೇ ಆಗಿತ್ತು. ದೊಡ್ಡೋನಾದ್ರೆ ಹೋಗುತ್ತೆ ಅಂದ್ಕೊಂಡಿದ್ದೆ." ಅಜ್ಜ ಬೋಳುತಲೆ ಸವರಿಕೊಂಡ. "ಇನ್ನೆಷ್ಟು ದೊಡ್ಡೋನಾಗ್ಬೇಕೋ!"

ಬಟನ್‌ಗೆ ಅಜ್ಜನ ಮೇಲೆ ಎಲ್ಲಿಲ್ಲದ ಮುದ್ದು ಬಂತು. ಬಟ್ಟೆಯನ್ನು ಗಟ್ಟಿಯಾಗಿ ಹಿಡಿದು, "ಕತ್ತರಿಸು ಅಜ್ಜ, ನಾನಿದ್ದೀನಿ" ಅಂದಳು.

ಕತ್ತರಿ ಬಟ್ಟೆಗೆ ತಾಗುವಾಗ ಅಜ್ಜನ ಕೈ ನಡುಗುತ್ತಿತ್ತು. ಕರಕ್ ಅಂತ ಒಂದು ಸಲ ಕತ್ತರಿಸಿದ. ಇನ್ನೊಂದು ಸಲ. ಆಮೇಲೆ ಕತ್ತರಿ ಗೆರೆ ಹಿಡಿದು ಸರಾಗವಾಗಿ ಸಾಗಿತು. ಅಜ್ಜ ಗುನುಗುತ್ತಲೂ ಇದ್ದ! ಬಟನ್ ಅವನ ಕೈಯನ್ನೇ ನೋಡುತ್ತಾ ನಿಂತಳು.

ಮರುದಿನ ಹೊಟ್ಟೆನೋವಿನ ಮಾತೇ ಏಳಲಿಲ್ಲ.

ಟೀಚರ್ ಕರೆದಾಗ ಬಟನ್ ಎದ್ದು ಎಲ್ಲರ ಮುಂದೆ ಹೋಗಿ ನಿಂತಳು. ಮೊದಲ ಸಾಲು ಹೊರಗೆ ಬಂದಿದ್ದು ಕೀರಲು ದನಿಯಲ್ಲಿ. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಕಿಸಕ್ಕನೆ ನಕ್ಕಳು. ಬಟನ್‌ಗೆ ಅಳು ಬಂದಂತಾಯಿತು. ಆದರೂ ಎರಡನೇ ಸಾಲು ಹೇಳಿದಳು. ಮೂರನೆಯದೂ ಬಂತು. ಪದ್ಯ ಮುಗಿದಾಗ ಅವಳಿಗೇ ನಂಬಿಕೆ ಬರಲಿಲ್ಲ.

"ಮುಂದೆ ಯಾರು?" ಅಂದರು ಟೀಚರ್.

ಮುಂದಿನವಳು ಎರಡು ಜಡೆಯವಳೇ. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ. ಅಂಗೈಯನ್ನು ಸ್ಕರ್ಟಿಗೆ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

ಅಯ್ಯೋ, ಇವಳಿಗೂ!

ತನ್ನ ಜಾಗಕ್ಕೆ ಹೊರಟಿದ್ದ ಬಟನ್ ಅವಳ ಬೆಂಚಿನ ಪಕ್ಕ ನಿಂತು ಮೆಲ್ಲಗೆ ಬಗ್ಗಿದಳು. "ನಡುಗೋದು ಮೊದಲ್ನೇ ಸಾಲು ಮಾತ್ರ ಕಣೇ. ನನ್ನ ಕಡೆ ನೋಡ್ಕೊಂಡು ಹೇಳು. ನಾನು ನಗಲ್ಲ."